ಬಿಸಿಯಾದರೆ ನಿಲ್ಲುವ ಬೈಕ್, ಉರಿಯದ ಎಚ್ಚರಿಕೆ ದೀಪ

ಬೆಳಿಗ್ಗೆ ಗುಂಡಿ ಒತ್ತಿದ ತಕ್ಷಣ ಸ್ಟಾರ್ಟ್ ಆಗುತ್ತಿತ್ತು. ಅರ್ಧ ಗಂಟೆ ಚೆನ್ನಾಗಿ ಓಡಿ, ಯಾವ ಸೂಚನೆಯನ್ನೂ ಕೊಡದೆ, ಯಾರೋ ಸ್ವಿಚ್ ಆರಿಸಿದ ಹಾಗೆ ನಿಂತುಬಿಡುತ್ತಿತ್ತು. ರಸ್ತೆಬದಿಯಲ್ಲಿ ಇಪ್ಪತ್ತು ನಿಮಿಷ ಕಾದರೆ ಏನೂ ಆಗಿಯೇ ಇಲ್ಲವೆಂಬಂತೆ ಮತ್ತೆ ಸ್ಟಾರ್ಟ್. ಒಂದೇ ಸಿಲಿಂಡರಿನ, ಫ್ಯೂಯೆಲ್ ಇಂಜೆಕ್ಷನ್ (ಕಂಪ್ಯೂಟರಿನ ಲೆಕ್ಕದಂತೆ ಪೆಟ್ರೋಲ್ ಚಿಮ್ಮಿಸುವ ವ್ಯವಸ್ಥೆ) ಇರುವ ನನ್ನ ಬೈಕ್ ಮೂರು ವಾರ ಈ ಆಟ ಆಡಿತು.

ನಾನು ಕಾರ್ಬುರೇಟರ್ ಕಾಲದವನು. ಪೆಟ್ರೋಲ್ ಹಾದುಬರುವ ಸಣ್ಣ ತೂತಿನ ಜೆಟ್ ಬಿಚ್ಚಿ ಬಾಯಿಂದ ಊದಿ, ಬೆಳಕಿಗೆ ಹಿಡಿದು ನೋಡಿ, ಸ್ಕ್ರೂ ಕಾಲು ಸುತ್ತು ತಿರುಗಿಸಿ ಕಿವಿಗೊಟ್ಟು ಕೇಳುವುದು ನನ್ನ ವಿದ್ಯೆ. ಇಂಜೆಕ್ಷನ್ ಬೈಕಿನಲ್ಲಿ ಊದುವುದಕ್ಕೂ ತಿರುಗಿಸುವುದಕ್ಕೂ ಹೆಚ್ಚೇನೂ ಸಿಗುವುದಿಲ್ಲ. ಹಾಗಾಗಿ ಎಲ್ಲರೂ ಮಾಡುವುದನ್ನೇ ಮಾಡಿದೆ: ಸ್ಪಾರ್ಕ್ ಪ್ಲಗ್ ಬದಲಾಯಿಸಿದೆ, ಏರ್ ಫಿಲ್ಟರ್ ಬದಲಾಯಿಸಿದೆ, ಥ್ರಾಟಲ್ ಬಾಡಿ ಬಿಚ್ಚಿ ಮಸಿ ಒರೆಸಿದೆ. ಒಂದೊಂದು ಕೆಲಸ ಮುಗಿದಾಗಲೂ ಬೈಕ್ ಮೊದಲ ಅರ್ಧ ಗಂಟೆ ಸೊಗಸಾಗಿ ಓಡುತ್ತಿದ್ದುದರಿಂದ ಗೆದ್ದೆನೆಂದು ಬೀಗುತ್ತಿದ್ದೆ. ಕೊನೆಗೆ, ಬಲ್ಲವರೊಬ್ಬರು ‘ಪೆಟ್ರೋಲ್ ಪಂಪ್ ಹೋಗಿದೆ, ಇನ್ನೇನೂ ಅಲ್ಲ’ ಎಂದಾಗ ಹೊಸ ಪಂಪನ್ನೂ ಕೊಂಡು ತಂದೆ.

ಅದನ್ನು ಹಾಕುವ ಮುನ್ನ ಒಂದು ಸಂಜೆ ಸುಮ್ಮನೆ ಕುಳಿತು ಯೋಚಿಸಿದೆ. ಪೆಟ್ರೋಲ್ ಸಾಲದ ಎಂಜಿನ್ ಹೀಗೆ ನಿಲ್ಲುವುದಿಲ್ಲ. ಒತ್ತಡ ಇಳಿಯುತ್ತ ಬಂದಂತೆ ಅದು ಏದುಸಿರು ಬಿಡುತ್ತದೆ, ಆಕ್ಸಿಲರೇಟರ್ ತಿರುಗಿಸಿದರೆ ಮುಗ್ಗರಿಸುತ್ತದೆ, ಎರಡು ಮೂರು ಸಲ ಚೇತರಿಸಿಕೊಂಡು ಆಮೇಲೆ ನಿಲ್ಲುತ್ತದೆ. ನನ್ನದು ಹಾಗಲ್ಲ, ಕತ್ತರಿಸಿದಂತೆ ನಿಲ್ಲುತ್ತಿತ್ತು. ನಿಂತ ಮೇಲೆ ಕೀಲಿ ತಿರುಗಿಸಿದರೆ ಟ್ಯಾಂಕಿನೊಳಗಿಂದ ಪಂಪಿನ ‘ಝುಂಯ್’ ಸದ್ದು ಎರಡು ಮೂರು ಸೆಕೆಂಡ್ ಕೇಳುತ್ತಲೂ ಇತ್ತು.

ಸದ್ದು ಬಂದ ಮಾತ್ರಕ್ಕೆ ಒತ್ತಡ ಇದೆಯೆಂದು ಹೇಳಲಾಗದು. ಅದಕ್ಕೇ ಒತ್ತಡ ಅಳೆಯುವ ಗೇಜನ್ನು ಎರವಲು ತಂದೆ. ಇಲ್ಲೊಂದು ಎಚ್ಚರಿಕೆ: ಎಂಜಿನ್ ನಿಂತ ಮೇಲೂ ಪೆಟ್ರೋಲ್ ಪೈಪಿನಲ್ಲಿ ಒತ್ತಡ ಉಳಿದಿರುತ್ತದೆ. ಪಂಪಿನ ಕನೆಕ್ಟರ್ ಕಳಚಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಅದು ತಣ್ಣಗಾದ ಮೇಲೆ ಬಟ್ಟೆ ಸುತ್ತಿ ಪೈಪ್ ಬಿಚ್ಚಬೇಕು. ಇಲ್ಲದಿದ್ದರೆ ಪೆಟ್ರೋಲ್ ಕಣ್ಣಿಗೇ ಚಿಮ್ಮುತ್ತದೆ. ಗೇಜ್ ಜೋಡಿಸಿ, ನಿಂತಲ್ಲೇ ಎಂಜಿನ್ ಓಡಲು ಬಿಟ್ಟೆ. ಕೈಪಿಡಿ ಹೇಳಿದ್ದು ಸುಮಾರು 3 ಬಾರ್, ಮುಳ್ಳು ನಿಂತಿದ್ದೂ ಅಲ್ಲೇ. ಎಂಜಿನ್ ಕಾದು ಕಾದು ಕೊನೆಗೆ ಪ್ರಾಣ ಬಿಟ್ಟ ಗಳಿಗೆಯಲ್ಲೂ ಮುಳ್ಳು ಕದಲಲಿಲ್ಲ. ಪಂಪ್ ನಿರಪರಾಧಿ.

ಬ್ಯಾಟರಿ ನೋಡಿದೆ: ಎಂಜಿನ್ ಆಫ್ ಇದ್ದಾಗ 12.6 ವೋಲ್ಟ್, ಓಡುವಾಗ 14ರ ಆಸುಪಾಸು. ಸೈಡ್ ಸ್ಟ್ಯಾಂಡಿನ ಸ್ವಿಚ್, ಫ್ಯೂಸ್, ಅರ್ಥಿಂಗ್ ಎಲ್ಲ ಸರಿಯಾಗಿದ್ದವು.

ನನ್ನನ್ನು ಹೆಚ್ಚು ದಿಕ್ಕು ತಪ್ಪಿಸಿದ್ದು ಉರಿಯದ ಚೆಕ್ ಎಂಜಿನ್ ದೀಪ. ಆ ದೀಪದ ಬಗ್ಗೆ ನನಗೆ ಮೊದಲೇ ಒಂದು ಹಳೆಯ ಮುನಿಸಿತ್ತು. ಎರಡು ವರ್ಷ ಹಿಂದೆ ಬೈಕ್ ಪೆಟ್ರೋಲ್ ಕುಡಿಯತೊಡಗಿತ್ತು, ಪ್ಲಗ್ ಕಾಡಿಗೆಯಂತೆ ಕಪ್ಪಾಗಿತ್ತು. ದೀಪ ಮಿನುಗಿ ತೋರಿಸಿದ ಕೋಡ್ ಎಂಜಿನ್ ಶಾಖದ ಸೆನ್ಸರಿನದು. ಸೆನ್ಸರ್ ಬದಲಾಯಿಸಿದೆ, ಮರುದಿನವೇ ಅದೇ ಕೋಡ್. ದೋಷವಿದ್ದದ್ದು ಕನೆಕ್ಟರಿನ ಒಳಗೆ, ಪಿನ್ನಿನ ಮೇಲೆ ಹಸಿರು ಕಿಲುಬು ಕೂತಿತ್ತು. ಈ ಸೆನ್ಸರಿನ ವಿದ್ಯುತ್ ರೋಧ ಶಾಖ ಏರಿದಂತೆ ಇಳಿಯುತ್ತದೆ. ತಂತಿ ಸರಿಯಾಗಿ ತಾಗದಿದ್ದರೆ ರೋಧ ವಿಪರೀತವಾಗಿ ಕಾಣುತ್ತದೆ, ಎಂಜಿನ್ ಹಿಮದಲ್ಲಿ ನಿಂತಿದೆ ಎಂದು ಇಸಿಯು (ಎಂಜಿನ್ ನಡೆಸುವ ಪುಟ್ಟ ಕಂಪ್ಯೂಟರ್) ಭ್ರಮಿಸಿ ಪೆಟ್ರೋಲ್ ಸುರಿಯುತ್ತದೆ. ದೀಪ ಹೇಳುವುದು ಯಾವ ಓಣಿಯಲ್ಲಿ ಗಲಾಟೆ ಎಂಬುದನ್ನು ಮಾತ್ರ. ಮನೆ ನಂಬರನ್ನು ನಾವೇ ಹುಡುಕಿಕೊಳ್ಳಬೇಕು. ಈ ಸಲ ಓಣಿಯ ಹೆಸರೂ ಸಿಕ್ಕಿರಲಿಲ್ಲ.

ಸುಳಿವು ಸಿಕ್ಕಿದ್ದು ಆರ್‌ಪಿಎಂ ಮುಳ್ಳಿನಿಂದ. ಒಂದು ಮಧ್ಯಾಹ್ನ ಬೈಕ್ ನಿಂತಾಗ ಸ್ಟಾರ್ಟರ್ ಒತ್ತಿ ಹಿಡಿದು ಮೀಟರನ್ನೇ ನೋಡುತ್ತಿದ್ದೆ. ಎಂಜಿನ್ ಗರಗರ ತಿರುಗುತ್ತಿದೆ, ಮುಳ್ಳು ಸೊನ್ನೆಯಲ್ಲೇ ಸತ್ತು ಮಲಗಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡುವಾಗ ಅದೇ ಮುಳ್ಳು ಒಂದಿಷ್ಟು ಮೇಲೆದ್ದು ಅದುರುತ್ತಿದ್ದುದು ನೆನಪಾಯಿತು. ಅಂದರೆ ಎಂಜಿನ್ ತಿರುಗುತ್ತಿರುವ ಸುದ್ದಿಯೇ ಇಸಿಯುಗೆ ತಲುಪುತ್ತಿಲ್ಲ.

ಆ ಸುದ್ದಿ ಮುಟ್ಟಿಸುವುದು ಕ್ರ್ಯಾಂಕ್ ಸೆನ್ಸರ್. ನನ್ನ ಬೈಕಿನಲ್ಲಿ ಅದು ಅಯಸ್ಕಾಂತಕ್ಕೆ ಸುತ್ತಿದ ಸಣ್ಣ ತಂತಿಸುರುಳಿ. ಎಂಜಿನ್ ಜೊತೆಗೇ ತಿರುಗುವ ಚಕ್ರವಾದ ಫ್ಲೈವೀಲಿನ ಅಂಚಿನ ಉಬ್ಬುಗಳು ಅದರ ಮುಂದೆ ಹಾದುಹೋದಾಗಲೆಲ್ಲ ಪುಟ್ಟದೊಂದು ವಿದ್ಯುತ್ ಮಿಡಿತ ಹೊರಡುತ್ತದೆ. ಪಿಸ್ಟನ್ ಎಲ್ಲಿದೆ, ಕಿಡಿ ಯಾವಾಗ, ಇಂಜೆಕ್ಟರ್ ಯಾವಾಗ ಎಂಬುದೆಲ್ಲ ಆ ಮಿಡಿತದಿಂದಲೇ ತೀರ್ಮಾನವಾಗುತ್ತದೆ. ಮಿಡಿತ ನಿಂತರೆ ಕಿಡಿ, ಪೆಟ್ರೋಲ್ ಎರಡೂ ಒಟ್ಟಿಗೇ ನಿಲ್ಲುತ್ತವೆ. ಮಿಡಿತವಿಲ್ಲದ ಎಂಜಿನ್ ನಿಂತಿರುವ ಎಂಜಿನ್ ಎಂದೇ ನನ್ನ ಇಸಿಯುವಿನ ಲೆಕ್ಕ. ನಿಂತಿರುವ ಎಂಜಿನ್ನಿಗೆ ಅದು ದೀಪ ಹಚ್ಚುವುದಾದರೂ ಏಕೆ?

ಆ ರಾತ್ರಿ ಸೆನ್ಸರಿನ ಕನೆಕ್ಟರ್ ಕಳಚಿ ಮಲ್ಟಿಮೀಟರ್ ಹಿಡಿದೆ. 220 ಓಮ್, ಕೈಪಿಡಿ ಕೊಟ್ಟ ಮಿತಿಯ ಒಳಗೇ. ಕೈಬಿಡುವುದರಲ್ಲಿದ್ದೆ. ಆಮೇಲೆ ಹೊಳೆಯಿತು: ಜ್ವರ ಬಿಟ್ಟಿರುವಾಗ ಥರ್ಮಾಮೀಟರ್ ಇಟ್ಟರೆ ಏನು ಸಿಕ್ಕೀತು?

ಮರುದಿನ ಸೈಡ್ ಪ್ಯಾನೆಲ್ ಬಿಚ್ಚಿಟ್ಟು, ಕನೆಕ್ಟರ್ ಕೈಗೆಟುಕುವಂತೆ ಹೊರಗೆಳೆದು, ಮೀಟರನ್ನು ಜೇಬಿನಲ್ಲಿಟ್ಟುಕೊಂಡೇ ಹೊರಟೆ. ಬೈಕ್ ಕೆಡಲಿ ಎಂದು ಹಾರೈಸುತ್ತ ಓಡಿಸಿದ್ದು ಜೀವನದಲ್ಲಿ ಅದೇ ಮೊದಲು. ಮೂವತ್ತನೆಯ ನಿಮಿಷಕ್ಕೆ ನಿಂತಿತು. ಬದಿಗೆ ತಳ್ಳಿ, ಕನೆಕ್ಟರ್ ಕಿತ್ತು, ಎರಡು ಪಿನ್ನಿಗೆ ಮೀಟರಿನ ಕಡ್ಡಿ ತಾಗಿಸಿದೆ. ಮೊಣಕೈ ಎಂಜಿನ್ನಿಗೆ ತಗುಲಿ ಚುರ್ರೆಂದಿತು. ಮೀಟರಿನಲ್ಲಿ ಅಂಕಿಯೇ ಇಲ್ಲ, ತಂತಿ ತುಂಡಾಗಿದ್ದಾಗ ತೋರಿಸುವ ಓಎಲ್. ಕಡ್ಡಿಗಳಿಗೆ ಕ್ಲಿಪ್ ಸಿಕ್ಕಿಸಿ ನೆಲದ ಮೇಲೆ ಕುಳಿತೆ. ಹದಿನೆಂಟು ನಿಮಿಷ ಪರದೆ ಹಾಗೆಯೇ ಇತ್ತು. ಆಮೇಲೆ ಅಂಕಿಗಳು ಒಮ್ಮೆ ಮೂಡಿ ಮಾಯವಾದವು, ಮತ್ತೆ ಮೂಡಿ 241ರಲ್ಲಿ ನಿಂತವು. ಕನೆಕ್ಟರ್ ಜೋಡಿಸಿ ಗುಂಡಿ ಒತ್ತಿದೆ. ಮೊದಲ ಒತ್ತಿಗೇ ಸ್ಟಾರ್ಟ್. ಸುರುಳಿಯೊಳಗೆಲ್ಲೋ ಬಿರುಕು ಬಿಟ್ಟಿದ್ದ ತಂತಿ ಬಿಸಿಗೆ ಹಿಗ್ಗಿ ದೂರವಾಗುತ್ತಿತ್ತು, ತಣ್ಣಗಾದಾಗ ಮತ್ತೆ ಕೂಡಿಕೊಳ್ಳುತ್ತಿತ್ತು.

ಸೆನ್ಸರ್ ಬದಲಾಯಿಸುವುದು ಎರಡು ಬೋಲ್ಟಿನ ಕೆಲಸ. ಆದರೆ ಆ ಎರಡು ಬೋಲ್ಟ್ ಇರುವುದು ಫ್ಲೈವೀಲನ್ನು ಮುಚ್ಚುವ ಮ್ಯಾಗ್ನೆಟ್ ಕವರಿನ ಒಳಗೆ. ಆಯಿಲ್ ಇಳಿಸಿ ಕವರ್ ತೆಗೆದ ಮೇಲೆ, ಅಂಟಿಕೊಂಡಿದ್ದ ಹಳೆಯ ಗ್ಯಾಸ್ಕೆಟ್ಟನ್ನು ಅಲ್ಯೂಮಿನಿಯಂ ಗೀರದಂತೆ ಕೆರೆಯುವುದಕ್ಕೇ ಎರಡು ಗಂಟೆ ಹಿಡಿಯಿತು. ತಂತಿ ಹೊರಬರುವ ಕಡೆಯ ರಬ್ಬರಿಗೆ ಸೀಲೆಂಟ್ ಹಚ್ಚಲು ಮರೆತದ್ದರಿಂದ ಮರುದಿನ ಆಯಿಲ್ ಜಿನುಗಿ, ಎಲ್ಲವನ್ನೂ ಇನ್ನೊಮ್ಮೆ ಬಿಚ್ಚಬೇಕಾಯಿತು.

ಅದಾದ ಮೇಲೆ ಒಂದೇ ಬೀಸಿಗೆ ಎರಡು ಗಂಟೆ ಓಡಿಸಿದೆ, ನಿಲ್ಲಲಿಲ್ಲ. ಪಂಪ್ ಇನ್ನೂ ಪೆಟ್ಟಿಗೆಯಲ್ಲೇ ಇದೆ. ಎಲೆಕ್ಟ್ರಿಕಲ್ ಬಿಡಿಭಾಗವನ್ನು ಒಮ್ಮೆ ಮಾರಿದ ಮೇಲೆ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲವಂತೆ.