ಉಪ್ಪು ಸವರಿಟ್ಟ ಕಾಯಿಕಡಿ

ನನ್ನ ಮೊದಲ ಕಿರುಚಿತ್ರದಲ್ಲಿ ಒಂದು ಗೋಡೆ ಗಡಿಯಾರ ಇತ್ತು, ನಿಂತುಹೋದದ್ದು. ಹನ್ನೆರಡು ನಿಮಿಷದಲ್ಲಿ ಅದನ್ನು ಐದು ಸಲ ಕ್ಲೋಸಪ್‌ನಲ್ಲಿ ತೋರಿಸಿದ್ದೆ. ಗಂಡ ಸತ್ತ ಮೇಲೆ ಹೆಂಡತಿಯ ಪಾಲಿಗೆ ಕಾಲವೇ ನಿಂತಿದೆ ಅಂತ ಅರ್ಥ! ಚಿತ್ರ ನೋಡಿದ ನಮ್ಮ ಸೋದರಮಾವ ಕೇಳಿದ್ದು ಒಂದೇ ಪ್ರಶ್ನೆ: “ಆ ಮನೇಲಿ ಸೆಲ್ ಹಾಕೋಕೆ ಯಾರೂ ಇರ್ಲಿಲ್ವೇನೋ?” ಎಲ್ಲರ ಜೊತೆ ನಾನೂ ನಕ್ಕೆ. ರಾತ್ರಿ ನಿದ್ದೆ ಬರಲಿಲ್ಲ.

ಎಡವಿದ್ದು ಎಲ್ಲಿ ಅಂತ ಗೊತ್ತಾದದ್ದು ಇಟಲಿಯ ನಿರ್ದೇಶಕ ಡಿ ಸಿಕಾ ಅವರ ‘ಬೈಸಿಕಲ್ ಥೀವ್ಸ್’ (1948) ಮತ್ತೊಮ್ಮೆ ನೋಡಿದಾಗ. ಆ ಚಿತ್ರ ಅಂದರೆ ಎಲ್ಲರಿಗೂ ನೆನಪಾಗುವುದು ಕಳುವಾದ ಸೈಕಲ್ಲು. ನನ್ನ ಕಣ್ಣು ಈ ಸಲ ನಿಂತದ್ದು ಬೆಡ್‌ಶೀಟುಗಳ ಮೇಲೆ. ನಾಯಕನಿಗೆ ಪೋಸ್ಟರ್ ಅಂಟಿಸುವ ಕೆಲಸ ಸಿಕ್ಕಿದೆ, ಅದಕ್ಕೆ ಸೈಕಲ್ ಬೇಕು, ಸೈಕಲ್ ಅಡವಿನಲ್ಲಿದೆ. ಹೆಂಡತಿ ಮಾರಿಯಾ ಹಾಸಿಗೆ ಮೇಲಿನ ಬಟ್ಟೆಗಳನ್ನೇ ಕಿತ್ತು ಒಯ್ದು ಒತ್ತೆ ಇಡುತ್ತಾಳೆ. ಅಲ್ಲಿಯ ನೌಕರ ಆ ಗಂಟು ಹಿಡಿದು ಎತ್ತರದ ಕಪಾಟು ಹತ್ತುತ್ತಾನೆ. ಮೇಲಿನವರೆಗೂ ಅಂಥವೇ ಗಂಟುಗಳು, ಎಷ್ಟೋ ಮನೆಗಳವು. ಸೈಕಲ್ಲಿನ ಬೆಲೆ ನಮಗೆ ಅಲ್ಲೇ ತಿಳಿದುಬಿಡುತ್ತದೆ. ನನ್ನ ಗಡಿಯಾರ ಆ ಮನೆಯಲ್ಲಿ ಯಾರಿಗೂ ಯಾವ ಕೆಲಸಕ್ಕೂ ಬಂದಿರಲಿಲ್ಲ.

ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ನ (2008) ಟೀವಿಯೂ ಹಾಗೆಯೇ. ಜಾಗತೀಕರಣದ ಸಂಕೇತ ಅಂತ ನಾವು ಎಷ್ಟು ಬೇಕಾದರೂ ಬರೆಯಬಹುದು. ತೆರೆಯ ಮೇಲೆ ಅದು ಮೊದಲು ಅಕ್ಕಪಕ್ಕದ ಹೆಂಗಸರು ಬಂದು ಕೂತು ನೋಡುವ ಟೀವಿ.

ಎರಡನೇ ಚಿತ್ರವೂ ಒಂಟಿಯಾದ ಹೆಂಗಸಿನ ಕತೆಯೇ. (ನನಗೆ ಬೇರೆ ಕತೆ ಬರುವುದಿಲ್ಲ ಅಂತ ಗೆಳೆಯರ ದೂರು.) ಸಾಗರದ ಹತ್ತಿರ ಒಂದು ಹಳೇ ಮನೆಯಲ್ಲಿ ಚಿತ್ರೀಕರಣ. ಈ ಸಲ ವಸ್ತುಗಳ ಪಟ್ಟಿ ಮಾಡಿಕೊಂಡು ಹೋಗಲಿಲ್ಲ. ಎರಡು ದಿನ ಮೊದಲೇ ಹೋಗಿ ಆ ಮನೆಯ ಅಜ್ಜಿ ಅಡುಗೆ ಮಾಡುವುದನ್ನು ನೋಡುತ್ತಾ ಕೂತೆ. ಅವರು ಕಾಯಿ ಒಡೆದು, ಒಂದು ಕಡಿಯನ್ನು ತುರಿದು, ಇನ್ನೊಂದರ ಒಳಮೈಗೆ ಬೆರಳಿನಿಂದ ಉಪ್ಪು ಸವರಿ ಕಪಾಟಿನಲ್ಲಿಟ್ಟರು. “ಮೊದ್ಲೆಲ್ಲ ಎರಡೂ ಕಡಿ ಒಂದೇ ಹೊತ್ತಿಗೆ ಖರ್ಚಾಗ್ತಿತ್ತು” ಅಂದರು, ಅಷ್ಟೆ. ಚಿತ್ರಕಥೆಯಲ್ಲಿದ್ದ ಖಾಲಿ ಆರಾಮಕುರ್ಚಿಯನ್ನು ಅವತ್ತೇ ಹೊಡೆದುಹಾಕಿದೆ.

ಕಾಯಿ ತುರಿಯುವುದನ್ನು ಮೂರು ಸಲ ತೆಗೆದೆವು. ಮೊದಲನೆಯದು ಗಂಡ ಬದುಕಿದ್ದಾಗ: ಎರಡೂ ಕಡಿ, ಜೊತೆಗೆ ಮಾತುಕತೆ, ಕ್ಯಾಮೆರಾ ದೂರದಲ್ಲಿ. ನೋಡುವವರಿಗೆ ಅಲ್ಲಿ ಕಾಯಿ ಕಾಣಲೇಬಾರದು, ಅಡುಗೆಮನೆ ಕಂಡರೆ ಸಾಕು. ಎರಡನೆಯದು ತಿಥಿಯ ದಿನ, ರಾಶಿ ಕಾಯಿ, ನಾಲ್ಕಾರು ಕೈ. ಮೂರನೆಯದರಲ್ಲಿ ಅವಳೊಬ್ಬಳೇ. ಒಂದು ಕಡಿ ತುರಿಯುತ್ತಾಳೆ, ಇನ್ನೊಂದಕ್ಕೆ ಕೈ ಹಾಕುತ್ತಾಳೆ, ನಿಲ್ಲಿಸಿ ಉಪ್ಪಿನ ಭರಣಿ ಹುಡುಕುತ್ತಾಳೆ. ಕ್ಲೋಸಪ್ ಇಲ್ಲ, ಸಂಗೀತವೂ ಇಲ್ಲ. ಈಳಿಗೆಮಣೆಯ ಕರ್‌ಕರ್ ಸದ್ದನ್ನು ಮಾತ್ರ ರಾತ್ರಿ ಫ್ಯಾನ್ ಆರಿಸಿ ಬೇರೆಯಾಗಿ ರೆಕಾರ್ಡ್ ಮಾಡಿಕೊಂಡೆವು. ಅದು ನಿಂತಾಗ ಆಗುವ ಖಾಲಿತನವೇ ನನಗೆ ಬೇಕಿದ್ದದ್ದು.

ಬರೆದಷ್ಟು ಸಲೀಸಾಗಿರಲಿಲ್ಲ. ತುರಿದ ಕಾಯಿ ಮತ್ತೆ ಕೂಡಿಕೊಳ್ಳುವುದಿಲ್ಲವಲ್ಲ, ಪ್ರತಿ ಟೇಕಿಗೂ ಹೊಸ ಕಾಯಿ. ಇಪ್ಪತ್ತೆರಡು ಕಾಯಿ ಹೋದವು. ಯೂನಿಟ್ಟಿನವರಿಗೆ ಮೂರು ದಿನ ಬರೀ ಚಟ್ನಿ. ನಟಿ ರಂಗಭೂಮಿಯವರು, ಮನೆಯಲ್ಲಿ ಮಿಕ್ಸಿ ಬಿಟ್ಟರೆ ಬೇರೆ ಗೊತ್ತಿಲ್ಲ. ಅಜ್ಜಿ ನೋಡಿ ನೋಡಿ ಸಾಕಾಗಿ, “ಹಾಗೆ ಹಿಡಿದ್ರೆ ಬೆರಳು ಹೋಗ್ತದೆ ಮಾರಾಯ್ತಿ” ಅಂತ ತಾವೇ ಮಣೆಯ ಮೇಲೆ ಕೂತು ತೋರಿಸಿಕೊಟ್ಟರು.

ಚಿತ್ರ ತೋರಿಸಿದ ಸಂಜೆ ವಯಸ್ಸಾದ ಒಬ್ಬ ಹೆಂಗಸು ಬಾಗಿಲ ಹತ್ತಿರ ನನಗಾಗಿ ಕಾದಿದ್ದರು. “ಕೊನೇಲಿ ಅವಳು ಉಪ್ಪು ಸವರಿದ್ದು ಕಣ್ಣಿರೋ ಕಡಿಗೆ. ಅದೇ ಅಲ್ವೇನಪ್ಪಾ ಬೇಗ ಕೆಡೋದು? ಮೊದ್ಲು ಅದನ್ನೇ ಖರ್ಚು ಮಾಡ್ಬೇಕು.” ನನ್ನ ಮುಖ ಬಿಳಿಚಿತು. ಆ ಶಾಟ್ ತೆಗೆಯುವಾಗ ಅಜ್ಜಿ ಕೊಟ್ಟಿಗೆಯಲ್ಲಿದ್ದರು, ನಮಗ್ಯಾರಿಗೂ ಅದು ಹೊಳೆದಿರಲಿಲ್ಲ. ಅಷ್ಟರಲ್ಲಿ ಅವರೇ ನನ್ನ ಕೈ ಹಿಡಿದು, “ಅಷ್ಟು ವರ್ಷ ಸಂಸಾರ ಮಾಡಿದವಳು ಅವತ್ತು ಅದನ್ನೂ ಮರೆತಳು ನೋಡು” ಅಂದರು.

ನಾನು ಹೌದು ಅಂತ ತಲೆ ಆಡಿಸಿದೆ.