ಹಳೇ ಬಡಾವಣೆಯ ನಕ್ಷೆ: ನಾನು ಶುರು ಮಾಡಿದ್ದು ಹಿತ್ತಿಲ ಕಡೆಯಿಂದ

ಮೈಸೂರಿನ ಲಕ್ಷ್ಮೀಪುರಂನಲ್ಲಿ ಒಂದು ಸಾಲು ಹಳೇ ಮನೆಗಳನ್ನು ಅಳೆದು ನಕ್ಷೆ ಬರೆಯಲು ಹೊರಟಾಗ ನಾನು ಮೊದಲು ಹೋಗಿದ್ದು ಹಿಂದಿನ ಕನ್ಸರ್ವೆನ್ಸಿಗೆ, ಅಂದರೆ ಮನೆಗಳ ಹಿಂಬದಿಯ ಸಣ್ಣ ಓಣಿಗೆ. ಮುಂಭಾಗ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಗ್ರಿಲ್ಲು, ಶೀಟು, ಕಾರ್ ಶೆಡ್ಡು ಅಂತ ಎಲ್ಲ ಬದಲಾಗಿರುತ್ತದೆ. ಹಿಂದುಗಡೆಗೆ ಯಾರೂ ಜಾಸ್ತಿ ದುಡ್ಡು ಹಾಕಿರುವುದಿಲ್ಲ ಅಲ್ವಾ, ಹಾಗಾಗಿ ಸೈಟಿನ ಹಳೇ ಗಡಿ ಅಲ್ಲೇ ಸಿಗುತ್ತದೆ.

1898ರ ಹೊತ್ತಿಗೆ ಪ್ಲೇಗ್ ಬಂದಿತ್ತು. ಒತ್ತೊತ್ತಾಗಿದ್ದ ಕೇರಿಗಳಲ್ಲಿ ಗಾಳಿ ಬೆಳಕಿರಲಿಲ್ಲ. ನಾಲ್ವಡಿಯವರ ಕಾಲದಲ್ಲಿ, 1903ರಲ್ಲಿ, ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಶುರುವಾಯಿತು. ನೇರ ರಸ್ತೆ, ಮನೆಯ ಸುತ್ತ ಜಾಗ, ಹಿಂದೆ ಕನ್ಸರ್ವೆನ್ಸಿ, ಇಷ್ಟೇ ಅದರ ಲೆಕ್ಕಾಚಾರ. ಆಗ ಇದ್ದದ್ದು ಒಣ ಕಕ್ಕಸು, ಮಲ ತೆಗೆಯುವವರು ಬಂದು ಹೋಗುವುದಕ್ಕೇ ಈ ಓಣಿ. ಆರೋಗ್ಯದ ಪ್ಲಾನು ಅಂತ ಸುಮ್ನೆ ಹೊಗಳುವವರು ಇದನ್ನು ಹೇಳುವುದೇ ಇಲ್ಲ, ಜಾತಿಯೂ ಅದೇ ನಕ್ಷೆಯಲ್ಲಿ ಕೂತಿದೆ. ಒಂದು ಕಾಂಪೌಂಡಿನ ಬುಡದಲ್ಲಿ ಮಲ ತೆಗೆಯಲು ಬಿಟ್ಟಿದ್ದ ಮೊಣಕಾಲೆತ್ತರದ ಕಿಂಡಿ ಇತ್ತು. ಇಟ್ಟಿಗೆ ಕಟ್ಟಿ ಸಿಮೆಂಟ್ ಮೆತ್ತಿದ್ದಾರೆ, ಆದರೆ ಕಬ್ಬಿಣದ ಕೀಲು ಇನ್ನೂ ಕಲ್ಲಿನಲ್ಲೇ ಇದೆ. ಕಕ್ಕಸು ಎಲ್ಲಿತ್ತು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಓಣಿಯಲ್ಲಿ ಟೇಪ್ ಎಳೆಯುವಾಗ ಒಬ್ಬ ಅಜ್ಜಿ, "ಏನಪ್ಪಾ, ರಸ್ತೆ ಅಗಲ ಮಾಡ್ತಾರಾ?" ಅಂತ ಗಾಬರಿಯಾದರು. ಅವರಿಗೆ ವಿವರಿಸಿ ಹೇಳಿದ ಮೇಲೆ ಕಾಫಿಯೂ ಸಿಕ್ಕಿತು, ಒಳಗೆ ಅಳೆಯಲು ಒಪ್ಪಿಗೆಯೂ ಸಿಕ್ಕಿತು.

ಒಳಗಿನ ಕೆಲಸಕ್ಕೆ ಟೇಪು, ಗ್ರಾಫ್ ಹಾಳೆ, ಹಿಡಿಯಲು ಇನ್ನೊಬ್ಬರು ಸಾಕು. ಟೇಪಿನ ಸೊನ್ನೆಯನ್ನು ಒಂದು ಮೂಲೆಯಲ್ಲಿ ಹಿಡಿದು ಗೋಡೆಯುದ್ದಕ್ಕೂ ಎಳೆದು, ಬಾಗಿಲು ಕಿಟಕಿ ಬಂದಲ್ಲೆಲ್ಲ ಓದುತ್ತಾ ಹೋಗಬೇಕು. ತುಂಡು ತುಂಡಾಗಿ ಅಳೆದು ಕೂಡಿದರೆ ಕೊನೆಗೆ ಇಂಚುಗಟ್ಟಲೆ ವ್ಯತ್ಯಾಸ ಬರುತ್ತದೆ. ಪ್ರತಿ ಕೋಣೆಯಲ್ಲೂ ಮೂಲೆಯಿಂದ ಎದುರು ಮೂಲೆಗೆ ಕರ್ಣವಾಗಿ ಎರಡೂ ಕಡೆ ಅಳೆಯಿರಿ, ಯಾಕೆಂದರೆ ಹಳೇ ಕೋಣೆ ಕಣ್ಣಿಗೆ ಚೌಕವಾಗಿ ಕಂಡರೂ ಓರೆ ಇರುತ್ತದೆ. ಗೋಡೆಯ ದಪ್ಪ ಕಿಟಕಿಯಲ್ಲಿ ಸಿಗುತ್ತದೆ, ಇಲ್ಲಿ ಗಾರೆ ಸೇರಿ ಒಂದೂವರೆ ಅಡಿಯ ಹತ್ತಿರ ಇತ್ತು.

ಆಮೇಲೆ ತಲೆ ಎತ್ತಿ ನೋಡಿ. ಹತ್ತಿರ ಹತ್ತಿರ ಮರದ ತೊಲೆ, ಅದರ ಮೇಲೆ ಓರೆಯಾಗಿ ನಿಲ್ಲಿಸಿದ ಸಣ್ಣ ಇಟ್ಟಿಗೆ, ಸುಣ್ಣದ ಗಾರೆ ಇದ್ದರೆ ಅದು ಮದ್ರಾಸ್ ತಾರಸಿ. ತೊಲೆಯ ತುದಿ ಯಾವ ಗೋಡೆಯ ಮೇಲೆ ಕೂತಿದೆ ಅಂತ ನಕ್ಷೆಯಲ್ಲಿ ಕೆಂಪು ಪೆನ್ನಿನಲ್ಲಿ ಗುರುತು ಹಾಕಿದೆ. ಹಾಲ್ ದೊಡ್ಡದು ಮಾಡುತ್ತೇವೆ ಅಂತ ಆ ಗೋಡೆಗೆ ಕೈ ಹಾಕಿದರೆ ಸೂರೇ ಕೆಳಗೆ ಬರುತ್ತದೆ. ಎಲ್ಲ ಮನೆಗೂ ಒಂದೊಂದು ಕಲರ್ ಜೆರಾಕ್ಸ್ ಕೊಟ್ಟಿದ್ದೇನೆ. ಕಪ್ಪು ಬಿಳುಪಿನಲ್ಲಿ ಕೆಂಪು ಗುರುತು ಬೇರೆಯಾಗಿ ಕಾಣುವುದಿಲ್ಲ.