ಅಕಾಲದ ಮಳೆಯಲ್ಲಿ ಅಡಿಕೆ ತೋಟದ ಹಣಕಾಸನ್ನು ನಿಭಾಯಿಸುವ ಬಗೆ

ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಮಳೆಯಿಂದ ಎರಡು ಬಗೆಯ ನಷ್ಟವಾಗುತ್ತದೆ. ಜುಲೈ, ಆಗಸ್ಟ್‌ನಲ್ಲಿ ಬಿಡುವು ಕೊಡದೆ ಸುರಿದರೆ ಕೊಳೆ ರೋಗ ಬಂದು ಎಳೆಕಾಯಿ ಉದುರುತ್ತದೆ, ಫಸಲಿನ ತೂಕ ಇಳಿಯುತ್ತದೆ. ಕೊಯ್ಲಿನ ಹೊತ್ತಿಗೆ ಮೋಡ ಕವಿದರೆ ಅಂಗಳದಲ್ಲಿ ಹರಡಿದ ಅಡಿಕೆಗೆ ಬೂಸ್ಟು ಹಿಡಿದು ದರ ಇಳಿಯುತ್ತದೆ. ಇವೆರಡನ್ನೂ ಲೆಕ್ಕದ ಪುಸ್ತಕದಲ್ಲಿ ಬೇರೆ ಬೇರೆಯಾಗಿ ಬರೆದಿಟ್ಟರೆ ಮಾತ್ರ ಹಣವನ್ನು ಎಲ್ಲಿ ಹೂಡಬೇಕೆಂಬುದು ತಿಳಿಯುತ್ತದೆ.

ಕೊಳೆಗೆ ಮಳೆಗಾಲದ ಆರಂಭದಲ್ಲಿ ಒಮ್ಮೆ, 40ರಿಂದ 45 ದಿನಗಳ ನಂತರ ಮತ್ತೊಮ್ಮೆ ಬೋರ್ಡೋ ದ್ರಾವಣ ಸಿಂಪಡಿಸುವುದು ವಾಡಿಕೆ. ಮಳೆ ಹಿಡಿದುಕೊಂಡ ವರ್ಷ ಮೂರನೆಯ ಸಿಂಪಡಣೆಯೂ ಬೇಕಾಗುವುದರಿಂದ, ಅದರ ಕೂಲಿಯನ್ನೂ ಮೇ ತಿಂಗಳಲ್ಲೇ ತೆಗೆದಿರಿಸಬೇಕು. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ ಸೇರಿಸಿದ ಮೇಲೆ ಉಜ್ಜಿದ ಕಬ್ಬಿಣದ ಚಾಕುವನ್ನು ಅದರಲ್ಲಿ ಅದ್ದಿ ನೋಡಿ. ಅಲಗಿನ ಮೇಲೆ ಕೆಂಪು ಲೇಪ ಕೂತರೆ ಸುಣ್ಣ ಸಾಲದೆಂದು ಅರ್ಥ. ಹದ ತಪ್ಪಿದ ದ್ರಾವಣಕ್ಕೆ ಸುರಿದ ಕೂಲಿ ವ್ಯರ್ಥವೇ ಸರಿ.

ಒಣಗಿಸುವ ಹಂತದ ನಷ್ಟವೇ ಹೆಚ್ಚಾಗಿದ್ದರೆ, ನೆರೆಹೊರೆಯವರು ಸೇರಿ ಡ್ರೈಯರ್ ಹಾಕಿಕೊಳ್ಳುವುದು ಲೇಸು.

ಹವಾಮಾನ ಆಧಾರಿತ ಬೆಳೆ ವಿಮೆಯನ್ನು ಅವಶ್ಯವಾಗಿ ಮಾಡಿಸಿ. ತೋಟಗಾರಿಕೆ ಬೆಳೆಗೆ ವಿಮಾ ಕಂತಿನಲ್ಲಿ ರೈತರ ಪಾಲು ವಿಮಾ ಮೊತ್ತದ ಶೇ. 5ನ್ನು ಮೀರುವುದಿಲ್ಲ, ಹೆಕ್ಟೇರಿಗೆ 1,28,000 ರೂಪಾಯಿ ಮೊತ್ತವಿದ್ದರೆ ಕಟ್ಟಬೇಕಾದದ್ದು 6,400 ರೂಪಾಯಿ. ಪಹಣಿಯಲ್ಲೂ ಬೆಳೆ ಸಮೀಕ್ಷೆಯಲ್ಲೂ ಅಡಿಕೆಯೆಂದೇ ದಾಖಲಾಗಿದೆಯೇ ಎಂದು ಮೊದಲೇ ನೋಡಿಕೊಳ್ಳಿ. ಆದರೆ ಈ ವಿಮೆಯಲ್ಲಿ ಪರಿಹಾರ ನಿರ್ಧಾರವಾಗುವುದು ನಿಮ್ಮ ತೋಟದಲ್ಲಿ ಉದುರಿದ ಕಾಯಿಯನ್ನು ನೋಡಿ ಅಲ್ಲ, ಗೊತ್ತುಪಡಿಸಿದ ಮಳೆಮಾಪಕದಲ್ಲಿ ದಾಖಲಾದ ಅಂಕಿಯನ್ನು ನೋಡಿ. ಗುಡ್ಡದ ಆಚೆಗೂ ಈಚೆಗೂ ಮಳೆಯೇ ಬೇರೆಯಾಗಿರುವ ನಮ್ಮ ಸೀಮೆಯಲ್ಲಿ ತೋಟ ಪೂರ್ತಿ ಕೊಳೆತರೂ ಪರಿಹಾರ ಅತ್ಯಲ್ಪವಾಗಿರಬಹುದು, ಬಂದರೂ ತಡವಾಗಬಹುದು. ಮಳೆಮಾಪಕ ಕೆಟ್ಟಿದೆಯೆಂದು ಗೊತ್ತಾದರೆ ಪಂಚಾಯಿತಿಗೂ ತೋಟಗಾರಿಕೆ ಇಲಾಖೆಗೂ ಕೂಡಲೇ ಬರಹದಲ್ಲಿ ತಿಳಿಸಿ, ಸ್ವೀಕೃತಿ ಪಡೆದಿಟ್ಟುಕೊಳ್ಳಿ.

ಆದ್ದರಿಂದ ವಿಮೆಯ ಹಣವನ್ನು ನಂಬಿ ಸೊಸೈಟಿ ಸಾಲದ ಕಂತನ್ನು ಯೋಜಿಸಬೇಡಿ. ಬೆಳೆ ಸಾಲವನ್ನು ಗಡುವಿನೊಳಗೆ ತೀರಿಸದಿದ್ದರೆ ಬಡ್ಡಿ ರಿಯಾಯಿತಿ ಕೈತಪ್ಪಿ, ಮಳೆಯ ನಷ್ಟದ ಮೇಲೆ ಬಡ್ಡಿಯ ಹೊರೆಯೂ ಬೀಳುತ್ತದೆ. ಒಳ್ಳೆಯ ಫಸಲಿನ ವರ್ಷ ಸಾಲದ ಕಂತಿಗೆ ಸಾಲುವಷ್ಟು ಚಾಲಿಯನ್ನು (ಹಣ್ಣಡಿಕೆಯನ್ನು ಬಿಸಿಲಲ್ಲಿ ಒಣಗಿಸಿ ಸುಲಿದ ಅಡಿಕೆ) ಚೆನ್ನಾಗಿ ಒಣಗಿಸಿ ದಾಸ್ತಾನು ಮಾಡಿ, ದರ ಎಷ್ಟೇ ಏರಿದರೂ ಆ ಪಾಲನ್ನು ಗಡುವಿನ ತನಕ ಬೇರೆ ಖರ್ಚಿಗೆ ಮಾರದೆ ಉಳಿಸಿಕೊಳ್ಳಿ.